ಎಂಟು ಗಂಟೆಗೊಂದು ಸೂಜಿ

ಬಾನ್ ನೋಂಗ್ ಪ್ಲಾಖಾವ್
ಬುದ್ಧ ಶಕ 2539, ಜುಲೈ 9

ತಾಲ್ಲೂಕು ಆಸ್ಪತ್ರೆಯ ಔಷಧದ ಕಿಟಕಿಯಲ್ಲಿ ಕೂರೋ ಅಮ್ಮಾವ್ರಿಗೆ,

ನಾನು ಥೋಂಗ್‌ಮಾ, ಈ ಹಳ್ಳಿಯಲ್ಲಿ ಗದ್ದೆ ಉಳೋ ಕೈ ಟ್ರ್ಯಾಕ್ಟರ್ ರಿಪೇರಿ ಮಾಡೋನು. ಹೋದ ತಿಂಗಳು ನಿಮ್ಮ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ, ಬಾಗಿಲ ಪಕ್ಕದ ಮಂಚದಲ್ಲಿ ಹನ್ನೆರಡು ದಿನ ಮಲಗಿದ್ದೆ. ಮೂತ್ರದ ಸೋಂಕು ರಕ್ತಕ್ಕೆ ಏರಿದೆ ಅಂದಿದ್ರು ಡಾಕ್ಟರು. ದಿನಕ್ಕೆ ಮೂರು ಸೂಜಿ ಚುಚ್ಚಿದ್ರು. ಮನೆಗೆ ಹೊರಡುವಾಗ ನೀವು ಕಿಟಕಿಯಿಂದ ಆಚೆ ಬಂದು, ಮಾತ್ರೆ ಪೊಟ್ಟಣದ ಮೇಲೆ ಸೂರ್ಯ ಚಂದ್ರನ ಚಿತ್ರ ಬರೆದು, ಯಾವುದು ಬೆಳಿಗ್ಗೆ ಯಾವುದು ರಾತ್ರಿ ಅಂತ ನನ್ನ ಹೆಂಡತಿ ಸಾಯ್‌ಬುವಾಗೆ ತೋರಿಸಿದ್ರಿ. ಅದಕ್ಕೇ ಡಾಕ್ಟರಿಗೆ ಬರೆಯದೆ ನಿಮಗೆ ಬರೀತಿದ್ದೀನಿ.

ಜೀವ ಉಳಿಸಿದ್ರಿ, ಅದನ್ನ ಮರೆಯಲ್ಲ. ಆದ್ರೆ ಕಿವಿ ಹೋಗ್ತಾ ಇದೆ. ಆಸ್ಪತ್ರೆಯ ಕೊನೇ ದಿನಗಳಲ್ಲಿ ಕಿವಿಯೊಳಗೆ ಜೀರುಂಡೆ ಕೂತಂಗಾಯ್ತು. ಮನೆಗೆ ಬಂದ ಮೇಲೆ ಜೀರುಂಡೆ ದೊಡ್ಡದಾಯ್ತು, ಉಳಿದಿದ್ದೆಲ್ಲಾ ಸಣ್ಣದಾಯ್ತು. ಈಗ ಊರ ಮುಖಂಡರ ಮನೆ ಫೋನು ಕಿವಿಗಿಟ್ರೆ ಬರೀ ಪ್ಲಾಸ್ಟಿಕ್ ತಂಪು. ಗದ್ದೆ ಬದುವಿನ ಮೇಲೆ ನಡೆದ್ರೆ ದೋಣಿಯಲ್ಲಿ ನಿಂತಂಗೆ ಓಲಾಡ್ತೀನಿ. "ಏನ್ ಥೋಂಗ್‌ಮಾ, ಬೆಳ್‌ಬೆಳಿಗ್ಗೆನೇ ಏರಿಸಿದ್ಯಾ?" ಅಂತ ಊರವರು ಕೇಳ್ತಾರಂತೆ. ನನಗೆ ಕೇಳಿಸಲಿಲ್ಲ, ಸಾಯ್‌ಬುವಾ ಬರೆದು ತೋರಿಸಿದ್ಲು. "ಮೂವತ್ತು ವರ್ಷದಿಂದ ನನ್ನ ಮಾತು ಕೇಳದೇ ಇದ್ದವನು ಈಗ ಊರಿನವರ ಮಾತೂ ಕೇಳಲ್ಲ" ಅಂತಾನೂ ಬರೆದಿದ್ದಾಳೆ.

ನಗೋದು ಹಾಗಿರಲಿ. ನನ್ನ ಕೆಲಸ ಕಿವಿಯದ್ದು. ಇಂಜಿನ್ ಒಂದ್ಸಲ ತಿರುಗಿಸಿದ್ರೆ ಸಾಕು, ಕವಾಟನೋ ಬೇರಿಂಗೋ ಅಂತ ಹೇಳ್ಬಿಡ್ತಿದ್ದೆ. ಈಗ ನಾಟಿ ಕಾಲ, ಶೆಡ್ಡಿನ ಮುಂದೆ ಆರು ಟ್ರ್ಯಾಕ್ಟರ್ ನಿಂತಿವೆ. ಇದು ಯಾವ ಔಷಧದಿಂದ ಆಯ್ತು? ಯಾವಾಗ ಸರಿಹೋಗುತ್ತೆ? ಇಷ್ಟೇ ಕೇಳೋದು.

ಥೋಂಗ್‌ಮಾ

* * *

ತಾಲ್ಲೂಕು ಆಸ್ಪತ್ರೆ, ಔಷಧ ವಿಭಾಗ
16 ಜುಲೈ 2539

ಪೂಜ್ಯ ದೊಡ್ಡಪ್ಪ ಥೋಂಗ್‌ಮಾ ಅವರಿಗೆ,

ನಿಮ್ಮ ಪತ್ರ ತಲುಪಿತು. ನನ್ನ ಹೆಸರು ರವೀವನ್. ಇಲ್ಲಿ ಫಾರ್ಮಸಿಸ್ಟ್ ಆಗಿ ಮೂರು ವರ್ಷವಾಯಿತು.

ನಿಮಗೆ ಬಂದಿದ್ದ ಜ್ವರ ಬಹಳ ಕೆಟ್ಟದ್ದಾಗಿತ್ತು. ರಕ್ತಕ್ಕೆ ಸೋಂಕು ಏರಿದಾಗ ದೇಹದ ಸೂಕ್ಷ್ಮ ಭಾಗಗಳಿಗೆ ಪೆಟ್ಟು ಬೀಳುವುದುಂಟು. ಕಿವಿಯ ವಿಷಯದಲ್ಲಿ ಸ್ವಲ್ಪ ಕಾದು ನೋಡಬೇಕಾಗುತ್ತದೆ. ಇದರೊಂದಿಗೆ ವಿಟಮಿನ್ ಮಾತ್ರೆಗಳನ್ನು ಕಳಿಸಿದ್ದೇನೆ, ಊಟದ ನಂತರ ಒಂದೊಂದು ತೆಗೆದುಕೊಳ್ಳಿ. ಕತ್ತಲಲ್ಲಿ ಒಬ್ಬರೇ ಓಡಾಡಬೇಡಿ, ಬದುವಿನ ಮೇಲೆ ಕೋಲು ಹಿಡಿದು ನಡೆಯಿರಿ.

ಒಂದು ಪ್ರಶ್ನೆ ಕೇಳಬಹುದೇ? ಈ ಜ್ವರಕ್ಕೂ ಮೊದಲು ನಿಮಗೆ ಕಿಡ್ನಿಯ ತೊಂದರೆ ಏನಾದರೂ ಇತ್ತೇ? ಕಲ್ಲು, ಕಾಲು ಊತ, ಅಂಥದ್ದು? ಇದ್ದರೆ ಆಸ್ಪತ್ರೆಗೆ ಸೇರಿದ ದಿನ ಯಾರಿಗಾದರೂ ಹೇಳಿದ್ದಿರಾ? ನೆನಪಾದಷ್ಟು ಬರೆಯಿರಿ.

ರವೀವನ್

* * *

ಬಾನ್ ನೋಂಗ್ ಪ್ಲಾಖಾವ್
2 ಆಗಸ್ಟ್ 2539

ಮಗಳೇ ರವೀವನ್,

ಮಗಳೇ ಅಂದೆ ಅಂತ ಬೇಜಾರು ಮಾಡ್ಕೋಬೇಡ. ಸರ್ಕಾರಿ ಆಸ್ಪತ್ರೆಯಿಂದ ಯಾರಾದ್ರೂ ಪತ್ರಕ್ಕೆ ಉತ್ತರ ಬರೀತಾರೆ ಅಂದ್ರೆ ಈ ಊರಲ್ಲಿ ಯಾರೂ ನಂಬಲಿಲ್ಲ. ಲಕೋಟೆ ತೋರಿಸಿದ ಮೇಲೆ ನಂಬಿದ್ರು.

ಮಾತ್ರೆ ತಗೊಳ್ತಿದ್ದೀನಿ, ಉಪಯೋಗ ಆಗ್ತಿದೆ ಅನ್ಸುತ್ತೆ. ಮೊನ್ನೆ ಬೆಳಿಗ್ಗೆ ಕೋಳಿ ಕೂಗಿದ್ದು ಕೇಳಿಸ್ತು. ಸಾಯ್‌ಬುವಾ ಮಾತ್ರ "ಯಾವ ಕೋಳಿ? ಅದನ್ನ ಸಾರು ಮಾಡಿ ತಿಂದು ವಾರ ಆಯ್ತಲ್ಲ" ಅಂತ ಬರೆದಳು. ಅವಳ ಮಾತು ಬಿಡು. ಕಾದು ನೋಡಿ ಅಂತ ನೀನು ಬರೆದಿದ್ದೀಯ, ಬರುತ್ತೆ ಅಂತ ತಾನೇ ಅದರ ಅರ್ಥ? ಭಿಕ್ಷುಗಳ ಮಳೆಗಾಲದ ವರ್ಷಾವಾಸ ಮುಗಿಯೋ ಹೊತ್ತಿಗೆ ಶೆಡ್ ಬಾಗಿಲು ತೆಗೀತೀನಿ ಅಂತ ಎಲ್ಲರಿಗೂ ಹೇಳಿದ್ದೀನಿ. ನನ್ನ ಭಾಮೈದ ಅಕ್ಕಿ ಮಿಲ್ಲಿನಲ್ಲಿ ಕಾವಲು ಕೆಲಸ ಕೊಡಿಸ್ತೀನಿ ಅಂತ ಬಂದಿದ್ದ. "ಕಾವಲಿಗೆ ಕಿವಿ ಬೇಡ, ಕಣ್ಣಿದ್ರೆ ಸಾಕು, ಬಾ" ಅಂದ. ಬೇಡ ಅಂದೆ. ಔಷಧದ ಮಗಳು ಕಾಯಿ ಅಂದಿದ್ದಾಳೆ, ಕಾಯ್ತೀನಿ ಅಂದೆ.

ನೀನು ಕೇಳಿದ್ದು ಕಿಡ್ನಿ ವಿಷಯ. ಹತ್ತು ವರ್ಷದ ಹಿಂದೆ ಕಲ್ಲು ತೆಗೆಸಿದ್ದೆ. ಎಡಗಡೆಯದು ಒಣಗಿಹೋಗಿದೆ, ಬಲಗಡೆಯದೇ ದುಡೀಬೇಕು ಅಂದಿದ್ರು ಆಗ. ಈ ಸಲ ಆಸ್ಪತ್ರೆಗೆ ಬಂದ ದಿನ ನರ್ಸಮ್ಮನಿಗೆ ಹೇಳಿದ್ದೆ. ಅವರು ಕಾಗದದ ಮೇಲೆ ಬರ್ಕೊಂಡ್ರು, ನಾನೇ ನೋಡಿದೆ. ಯಾಕೆ ಕೇಳಿದೆ? ಕಿಡ್ನಿಗೂ ಏನಾದ್ರೂ ಮಾತ್ರೆ ಕಳಿಸ್ತೀಯಾ?

ಈ ಸಲದ ಬಿದಿರು ಕಳಲೆ ಹದವಾಗಿದೆ. ಆ ಕಡೆ ಬಸ್ಸು ಬರುವಾಗ ಒಂದು ಕಟ್ಟು ಕಳಿಸ್ತೀನಿ.

ಥೋಂಗ್‌ಮಾ

* * *

ತಾಲ್ಲೂಕು ಆಸ್ಪತ್ರೆ
11 ಆಗಸ್ಟ್ 2539

ದೊಡ್ಡಪ್ಪ,

ಕಳಲೆ ತಲುಪಿತು. ಅದನ್ನು ತಿನ್ನುವ ಯೋಗ್ಯತೆ ನನಗಿಲ್ಲ, ವಾರ್ಡಿನ ಅಡುಗೆಯವರಿಗೆ ಕೊಟ್ಟೆ.

ಕಾದು ನೋಡಿ ಎಂದು ನಾನು ಬರೆದದ್ದು ತಪ್ಪು. ನಿಮ್ಮ ಕಿವಿ ಮರಳಿ ಬರುವುದಿಲ್ಲ. ಇನ್ನೂ ಸ್ವಲ್ಪ ಹೋಗಬಹುದು, ಆಮೇಲೆ ಅಲ್ಲಿಗೇ ನಿಲ್ಲುತ್ತದೆ. ಓಲಾಡುವುದು ಮಾತ್ರ ನಿಧಾನವಾಗಿ ಕಡಿಮೆಯಾಗುತ್ತದೆ, ಕಣ್ಣು ಮತ್ತು ಕಾಲು ಆ ಕೆಲಸವನ್ನು ಕಲಿತುಕೊಳ್ಳುತ್ತವೆ. ಜುಲೈನಲ್ಲೇ ನನಗೆ ಇದು ಗೊತ್ತಿತ್ತು. ಬರೆಯುವ ಧೈರ್ಯವಿರಲಿಲ್ಲ. ಮಿಲ್ಲಿನ ಕೆಲಸ ಇನ್ನೂ ಖಾಲಿಯಿದ್ದರೆ ದಯವಿಟ್ಟು ಹೋಗಿ ಕೇಳಿ.

ಇದು ಜ್ವರದಿಂದ ಆದದ್ದಲ್ಲ, ನಾವು ಕೊಟ್ಟ ಸೂಜಿಯಿಂದ ಆದದ್ದು. ಜೆಂಟಮೈಸಿನ್ ಎಂದು ಅದರ ಹೆಸರು. ಒಳ್ಳೆಯ ಔಷಧವೇ, ನಿಮ್ಮ ಜೀವ ಉಳಿಸಿದ್ದೂ ಅದೇ. ಆದರೆ ಅದು ದೇಹದಿಂದ ಹೊರಗೆ ಹೋಗುವ ದಾರಿ ಕಿಡ್ನಿ ಒಂದೇ. ಕಿಡ್ನಿ ಸರಿಯಿದ್ದವರಲ್ಲಿ ಎಂಟು ಗಂಟೆಯೊಳಗೆ ಬಹುಪಾಲು ಹೊರಟುಹೋಗುತ್ತದೆ, ಅದಕ್ಕೇ ಎಂಟು ಗಂಟೆಗೊಂದು ಸೂಜಿ. ಕಿಡ್ನಿ ಸೋತವರಲ್ಲಿ ಹಳೆಯದು ಹೋಗುವ ಮೊದಲೇ ಹೊಸದು ಬಂದು ಕೂರುತ್ತದೆ. ಹೀಗೆ ಕೂಡುತ್ತಾ ಹೋಗಿ ಒಳಕಿವಿಯನ್ನು ಸುಡುತ್ತದೆ.

ಕಿಡ್ನಿ ಎಷ್ಟು ದುಡಿಯುತ್ತಿದೆ ಎಂದು ತಿಳಿಯಲು ರಕ್ತದಲ್ಲಿ ಒಂದು ಸಂಖ್ಯೆ ನೋಡುತ್ತೇವೆ. ಸರಿಯಿದ್ದವರಿಗೆ ಅದು ಒಂದರ ಆಸುಪಾಸು. ನಿಮ್ಮದು ಎರಡೂವರೆಯ ಮೇಲಿತ್ತು. ನಮಗೆ ಕಾಲೇಜಿನಲ್ಲಿ ಕಲಿಸಿದ ಒಂದು ಸುಲಭದ ಅಂದಾಜಿದೆ: ಆ ಸಂಖ್ಯೆಯನ್ನು ಎಂಟರಿಂದ ಗುಣಿಸಿದರೆ ಎರಡು ಸೂಜಿಗಳ ನಡುವೆ ಎಷ್ಟು ಗಂಟೆ ಬಿಡಬೇಕೆಂದು ಸಿಗುತ್ತದೆ. ನಿಮಗೆ ಇಪ್ಪತ್ತು ಗಂಟೆ ದಾಟುತ್ತದೆ. ದಿನಕ್ಕೊಂದು ಸೂಜಿ ಸಾಕಿತ್ತು. ನಾವು ಮೂರು ಕೊಟ್ಟೆವು, ಹನ್ನೆರಡು ದಿನ. ಮೂವತ್ತಾರೂ ಸೀಸೆಗಳನ್ನು ಈ ಕೈಯಿಂದಲೇ ಎಣಿಸಿ ಕಿಟಕಿಯಾಚೆ ಕೊಟ್ಟವಳು ನಾನು.

ರಕ್ತದ ವರದಿ ಎರಡನೇ ದಿನವೇ ಬಂದಿತ್ತು. ಆ ಚೀಟಿಯನ್ನು ನಿಮ್ಮ ಕೇಸಿನ ಕಾಗದಗಳ ಹಿಂದೆ ಪಿನ್ ಮಾಡಿಬಿಟ್ಟಿದ್ದರು. ಅದನ್ನು ಯಾರೂ ನೋಡಲಿಲ್ಲ.

ನಿನ್ನೆ ಡಾಕ್ಟರ್ ಫಿಚಿತ್ ಅವರ ಮುಂದೆ ಎಲ್ಲವನ್ನೂ ಇಟ್ಟೆ. ಸೂಜಿ ಬರೆದುಕೊಟ್ಟವರು ಅವರೇ.

"ರವೀವನ್, ಆ ವಾರ ಅರವತ್ತು ಜನ ಮಲಗಿದ್ರು, ನಾನೊಬ್ಬನೇ ಡಾಕ್ಟರು. ಆ ಮನುಷ್ಯ ನಡ್ಕೊಂಡು ಮನೆಗೆ ಹೋದ. ಅದು ಸಾಲದಾ?" ಅಂದರು.

"ಓಲಾಡ್ಕೊಂಡು ಹೋದ್ರು ಸಾರ್" ಅಂದೆ.

ಅವರು ಮುಂದಿನ ರೋಗಿಯ ಕಾಗದ ಎತ್ತಿಕೊಂಡರು. ಅವರು ಕೆಟ್ಟವರಲ್ಲ ದೊಡ್ಡಪ್ಪ. ಅದರಿಂದ ನಿಮಗೇನೂ ಪ್ರಯೋಜನವಿಲ್ಲ, ಅದೂ ಗೊತ್ತು.

ಇದರೊಂದಿಗೆ ದೂರಿನ ಫಾರಂ ಇದೆ. ಪ್ರಾಂತ್ಯದ ಆರೋಗ್ಯ ಕಚೇರಿಗೆ ಕಳಿಸಬೇಕು. ಔಷಧ ಕೊಟ್ಟವರ ಹೆಸರು ಎನ್ನುವ ಕಡೆ ನನ್ನ ಹೆಸರನ್ನು ನಾನೇ ತುಂಬಿದ್ದೇನೆ. ಉಳಿದದ್ದು ನಿಮ್ಮದು.

ರವೀವನ್

* * *

ಬಾನ್ ನೋಂಗ್ ಪ್ಲಾಖಾವ್
21 ಅಕ್ಟೋಬರ್ 2539

ಫಾರ್ಮಸಿಸ್ಟ್ ರವೀವನ್ ಅವರಿಗೆ,

ಫಾರಂ ತಲುಪಿದೆ. ತುಂಬಿಲ್ಲ.

ಮಿಲ್ಲಿನ ಕೆಲಸಕ್ಕೆ ಬೇರೆಯವರು ಸೇರಿಯಾಯ್ತು.

ಇನ್ನು ನನಗೆ ಬರೆಯೋದು ಬೇಡ.

ಥೋಂಗ್‌ಮಾ

* * *

ತಾಲ್ಲೂಕು ಆಸ್ಪತ್ರೆ
4 ನವೆಂಬರ್ 2539

ದೊಡ್ಡಪ್ಪ,

ಬೇಡವೆಂದಿರಿ. ಆದರೂ ಇದೊಂದನ್ನು ಬರೆಯುತ್ತಿದ್ದೇನೆ, ಉತ್ತರ ಬೇಕಿಲ್ಲ.

ಲಕೋಟೆಯಲ್ಲಿ ಒಂದು ಗಟ್ಟಿ ಕಾಗದದ ಚೀಟಿ ಇದೆ. ಅದರ ಮೇಲೆ ನಿಮ್ಮ ಕಿಡ್ನಿಯ ಸಂಖ್ಯೆ, ನಿಮಗೆ ಕೊಡಬಾರದ ಔಷಧಗಳು, ಕಡಿಮೆ ಕೊಡಬೇಕಾದ ಔಷಧಗಳನ್ನು ಬರೆದಿದ್ದೇನೆ. ಅಂಗಿಯ ಜೇಬಿನಲ್ಲಿಟ್ಟುಕೊಳ್ಳಿ. ಯಾವ ಆಸ್ಪತ್ರೆಗೆ ಹೋದರೂ ಬಾಯಿ ಬಿಡುವ ಮೊದಲು ಅದನ್ನು ಮುಂದಿಡಿ.

ಇಲ್ಲಿ ನಡೆದದ್ದನ್ನೂ ಹೇಳುತ್ತೇನೆ. ಸೆಪ್ಟೆಂಬರ್ ಒಂದರಿಂದ ನನ್ನ ಕಿಟಕಿಗೆ ಒಂದು ಬೋರ್ಡು ಹಾಕಿದ್ದೇನೆ: ಕಿಡ್ನಿಯ ಸಂಖ್ಯೆ ಬರೆಯದ ಚೀಟಿಗೆ ಈ ಔಷಧಗಳು ಸಿಗುವುದಿಲ್ಲ. ಕೆಳಗೆ ಹನ್ನೊಂದು ಔಷಧಗಳ ಹೆಸರು. ಮೊದಲ ದಿನವೇ ವಾರ್ಡಿನ ಹಿರಿಯ ನರ್ಸ್ ಬಂದು ಕಿಟಕಿ ಬಡಿದರು.

"ಏನಮ್ಮಾ ಇದು? ಲ್ಯಾಬಿನವರು ನಾಲ್ಕು ಗಂಟೆಗೆ ಬಾಗಿಲು ಹಾಕ್ತಾರೆ. ಐದು ಗಂಟೆಗೆ ಬಂದವನು ನಿನ್ನ ಸಂಖ್ಯೆಗೋಸ್ಕರ ಬೆಳಗಿನವರೆಗೂ ಸಾಯ್ತಾ ಬಿದ್ದಿರ್ಬೇಕಾ?"

"ಮೊದಲನೇ ಸೂಜಿ ಏನೂ ಕೇಳದೆ ಪೂರ್ತಿ ಕೊಡ್ತೀನಿ ಅಕ್ಕಾ. ಅದನ್ನ ತಡೀಬಾರದು, ಕಡಿಮೇನೂ ಮಾಡಬಾರದು. ಎರಡನೇದಕ್ಕೆ ಸಂಖ್ಯೆ ಬೇಕು."

ಅವರು ಡೈರೆಕ್ಟರ್ ಹತ್ತಿರ ಹೋದರು. ಡೈರೆಕ್ಟರ್ ನನ್ನನ್ನು ಕರೆಸಿ, ಬೋರ್ಡು ತೆಗೆಯಲು ಹೇಳಿದರು. ಲಿಖಿತವಾಗಿ ಕೊಡಿ ಸಾರ್, ತೆಗೆಯುತ್ತೇನೆ ಎಂದೆ. ಅವರು ಬರೆದುಕೊಡಲಿಲ್ಲ. ಬೋರ್ಡು ಇದೆ. ಎರಡು ತಿಂಗಳಲ್ಲಿ ನಲವತ್ತೊಂದು ಚೀಟಿಗಳನ್ನು ವಾಪಸು ಕಳಿಸಿದ್ದೇನೆ. ಅದರಲ್ಲಿ ಒಂಬತ್ತು ಜನರ ಸೂಜಿ ಕಡಿಮೆಯಾಯಿತು. ಈಗ ಕ್ಯಾಂಟೀನಿನಲ್ಲಿ ನನ್ನ ಮೇಜಿಗೆ ಯಾರೂ ಬಂದು ಕೂರುವುದಿಲ್ಲ. ಪಪ್ಪಾಯಿ ಕೋಸಂಬರಿ ಒಂದು ತಟ್ಟೆ ಪೂರ್ತಿ ನನಗೇ ಸಿಗುತ್ತದೆ.

ಡಾಕ್ಟರ್ ಫಿಚಿತ್ ಮಾತ್ರ ಪ್ರತಿ ಚೀಟಿಯ ಮೇಲೂ ಸಂಖ್ಯೆ ಬರೆಯುತ್ತಿದ್ದಾರೆ.

ರವೀವನ್

* * *

ಪ್ರಾಂತ್ಯದ ಆಸ್ಪತ್ರೆ, ಹೆಂಗಸರ ವಾರ್ಡಿನ ಹೊರಗಿನ ಬೆಂಚು
18 ಜನವರಿ 2540, ಬೆಳಿಗ್ಗೆ

ರವೀವನ್ ಅವರಿಗೆ,

ಈ ಕಾಗದವನ್ನ ನಿಮ್ಮ ಕಡೆ ಬರೋ ಬಸ್ಸಿನ ಡ್ರೈವರ್ ಕೈಲಿ ಕೊಡ್ತಿದ್ದೀನಿ. ಫೋನಿನಲ್ಲಿ ಮಾತಾಡಬಲ್ಲೆ, ನಿಮ್ಮ ಉತ್ತರ ಕೇಳೋಕಾಗಲ್ಲ.

ಸಾಯ್‌ಬುವಾಗೆ ಜ್ವರ. ಇಲ್ಲಿಗೆ ಸೇರಿಸಿ ಇವತ್ತಿಗೆ ಮೂರನೇ ದಿನ. ಕೆಸರಿನಿಂದ ಬರೋ ಜ್ವರ, ಪಿತ್ತಕೋಶದ ಹತ್ತಿರ ಕೀವು ಕಟ್ಟಿದೆ ಅಂತಾರೆ. ಅವಳಿಗೆ ಸಕ್ಕರೆ ಕಾಯಿಲೆ ಮೊದಲಿಂದಾನೂ ಇದೆ. ಕಿಡ್ನಿ ಸಂಖ್ಯೆ ಎಷ್ಟು ಅಂತ ನಾನೇ ಕೇಳಿ ಬರೆಸ್ಕೊಂಡೆ: ಮೂರು ಪಾಯಿಂಟ್ ಒಂದು. ನನಗಿಂತ ಜಾಸ್ತಿ.

ಮೊದಲ ದಿನ ದೊಡ್ಡ ಸೂಜಿ ತಂದ್ರು, ಎಂಟು ಗಂಟೆಗೊಂದು ಅಂದ್ರು. ಮಂಚದ ಮುಂದೆ ಅಡ್ಡ ನಿಂತೆ. ನಿಮ್ಮ ಆಗಸ್ಟ್ ಪತ್ರ ತೆಗೆದು ತೋರಿಸಿದೆ. ಮುಟ್ಟಿದ್ರೆ ಇವಳನ್ನ ಹೊತ್ಕೊಂಡು ಮನೆಗೆ ಹೋಗ್ತೀನಿ ಅಂತ ಕಿರುಚಿದೆನಂತೆ, ವಾರ್ಡೆಲ್ಲಾ ತಿರುಗಿ ನೋಡ್ತು. ಡಾಕ್ಟರು ಚಿಕ್ಕ ವಯಸ್ಸಿನವನು. ಏನೇನೋ ಬರೆದು ತೋರಿಸಿದ, ನಾನು ಒಪ್ಪಲಿಲ್ಲ. ಕಡೆಗೆ ಏನೂ ಕೊಡದೇ ಇರೋದಕ್ಕಿಂತ ಇದೇ ವಾಸಿ ಅಂತ, ಅರ್ಧ ಅಳತೆಯ ಸೂಜಿ ದಿನಕ್ಕೊಂದು ಕೊಡ್ತಿದ್ದಾನೆ.

ಜ್ವರ ಇಳಿದಿಲ್ಲ. ನಿನ್ನೆ ಸಂಜೆಯಿಂದ ಅವಳು ನನ್ನ ಗುರುತು ಹಿಡೀತಿಲ್ಲ.

ನಾನು ಮಾಡಿದ್ದು ಸರಿ ತಾನೇ?

ಥೋಂಗ್‌ಮಾ

* * *

ತಾಲ್ಲೂಕು ಆಸ್ಪತ್ರೆ
18 ಜನವರಿ 2540, ಮಧ್ಯಾಹ್ನ 12.40

ದೊಡ್ಡಪ್ಪ,

ಸರಿಯಲ್ಲ. ಈ ಸಾಲು ಓದಿದ ತಕ್ಷಣ ಎದ್ದು ಹೋಗಿ ಆ ಡಾಕ್ಟರಿಗೆ "ಪೂರ್ತಿ ಸೂಜಿ ಕೊಡಿ" ಎಂದು ಹೇಳಿ. ಉಳಿದದ್ದನ್ನು ಆಮೇಲೆ ಓದಿ.

ಹೇಳಿ ಬಂದಿರಾ? ಈಗ ಕೇಳಿ. ಕೆಸರಿನಲ್ಲಿ ಸಿಕ್ಕಿ ಎಣ್ಣೆಯೆಲ್ಲಾ ಬರಿದಾದ ಇಂಜಿನ್ ನಿಮ್ಮ ಶೆಡ್ಡಿಗೆ ಬಂತು ಅಂದುಕೊಳ್ಳಿ. ಮೊದಲ ಸಲ ಎಣ್ಣೆಯನ್ನು ಗುರುತಿನ ಗೆರೆಯವರೆಗೆ ತುಂಬುತ್ತೀರಿ ತಾನೇ? ಈ ಇಂಜಿನ್ ದಿನಕ್ಕೆ ಎಷ್ಟು ಎಣ್ಣೆ ಕುಡಿಯುತ್ತದೆ ಎಂದು ಆಗ ಯಾರೂ ಕೇಳುವುದಿಲ್ಲ. ಆ ಮಾತು ನಾಳೆ ಮತ್ತೆ ಸುರಿಯುವಾಗ ಬರುವುದು. ಔಷಧವೂ ಹಾಗೆಯೇ. ಮೊದಲ ದಿನ ಪೂರ್ತಿ ತುಂಬಬೇಕು, ಕಿಡ್ನಿ ಕೆಟ್ಟಿದ್ದರೂ. ಕಿಡ್ನಿಯ ಲೆಕ್ಕ ಶುರುವಾಗುವುದು ಆಮೇಲಿನ ಸೂಜಿಗಳಿಂದ. ನೀವು ಗೆರೆ ಮುಟ್ಟಿಸದೆ ಮೂರು ದಿನದಿಂದ ತೊಟ್ಟು ತೊಟ್ಟು ಸುರಿಸುತ್ತಿದ್ದೀರಿ.

ಇನ್ನೊಂದು ಮಾತು. ನಾನು ಡಾಕ್ಟರ್ ಜೊತೆ ಈಗಷ್ಟೇ ಫೋನಿನಲ್ಲಿ ಮಾತಾಡಿದೆ. ದೊಡ್ಡಮ್ಮನಿಗೆ ಬರೆದಿರುವುದು ನಿಮಗೆ ಕೊಟ್ಟ ಔಷಧವಲ್ಲ, ಅದು ಕಿವಿಯನ್ನು ಮುಟ್ಟುವುದಿಲ್ಲ. ಜಾಸ್ತಿಯಾದರೆ ಬೇರೆ ತೊಂದರೆ ಮಾಡುತ್ತದೆ: ಕೈಕಾಲು ಇದ್ದಕ್ಕಿದ್ದಂತೆ ಅದುರುವುದು, ಮಾತು ತೊದಲುವುದು. ಹಾಗೆ ಕಂಡರೆ ನರ್ಸನ್ನು ಕರೆಯಿರಿ. ನಾಳೆಯಿಂದ ಅಳತೆ ಎಷ್ಟು ಇಳಿಸಬೇಕು ಎನ್ನುವುದು ಆ ಡಾಕ್ಟರಿಗೆ ಚೆನ್ನಾಗಿ ಗೊತ್ತಿದೆ. ಅವನು ನಿಮಗೆ ಬರೆದು ತೋರಿಸಿದ್ದು ಅದನ್ನೇ. ಒಪ್ಪಿಗೆಯಿಲ್ಲದೆ ಕೈ ಹಾಕಲು ಹೆದರಿ ಕೂತಿದ್ದಾನೆ. ಪಾಪ, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದೆ ಅಷ್ಟೇ.

ಹೆದರಿಕೆ ನಿಮಗೆ ಬಂದದ್ದು ನನ್ನಿಂದ. ಅದನ್ನು ಈಗ ಬಿಡಿ. ಅವನು ಬರೆದು ತೋರಿಸಿದರೆ ನೀವು ನಂಬುವುದಿಲ್ಲ, ಅದಕ್ಕೇ ನನ್ನ ಕೈಬರಹದಲ್ಲೇ ಬರೆದು ಒಂದು ಗಂಟೆಯ ಬಸ್ಸಿಗೆ ಇದನ್ನು ಕೊಡುತ್ತಿದ್ದೇನೆ. ನಾಲ್ಕಕ್ಕೆ ಮೊದಲು ನಿಮ್ಮ ಕೈ ಸೇರಬೇಕು.

ರವೀವನ್

* * *

ಪ್ರಾಂತ್ಯದ ಆಸ್ಪತ್ರೆ
9 ಫೆಬ್ರವರಿ 2540

ಮಗಳೇ,

ನಾಳೆ ಮನೆಗೆ ಕಳಿಸ್ತಾರೆ. ಇಬ್ಬರೂ ಹೋಗ್ತೀವಿ.

ಆ ದಿನ ಡ್ರೈವರು ಬಸ್ಸನ್ನ ಆಸ್ಪತ್ರೆ ಗೇಟಿಗೇ ತಂದು ನಿಲ್ಲಿಸಿದ. ಮೊದಲ ಸಾಲು ಓದಿ ಓಡಿದೆ, ಓಡೋವಾಗ ಎರಡು ಸಲ ಗೋಡೆಗೆ ಗುದ್ದಿದೆ. ಡಾಕ್ಟರ್ ಮುಂದೆ ನಿಂತು "ಪೂರ್ತಿ! ಪೂರ್ತಿ!" ಅಂತ ಕೂಗಿದೆ. ಅವನು ಎರಡೂ ಕೈ ಎತ್ತಿ ಮುಗಿದುಬಿಟ್ಟ. ಸೂಜಿ ತಯಾರಾಗೇ ಇತ್ತು ಮಗಳೇ, ಮುಚ್ಚಿದ ತಟ್ಟೆಯಲ್ಲಿ. ನಾನು ಹೂಂ ಅನ್ನೋದನ್ನೇ ಕಾಯ್ತಾ ಕೂತಿದ್ದ.

ಮರುದಿನ ಅವಳ ಮೈ ಬೆವರ್ತು. ಆಮೇಲೆ ಕೀವು ತೆಗೆದ್ರು. ಐದನೇ ದಿನ ಕಣ್ಣು ಬಿಟ್ಟು ನನ್ನ ನೋಡಿ ತುಟಿ ಆಡಿಸಿದ್ಲು. ಗೊತ್ತಾಗಲಿಲ್ಲ. ಪಕ್ಕದ ಮಂಚದವಳು ಬರೆದುಕೊಟ್ಟಳು: "ಗಡ್ಡ ಬೋಳಿಸ್ಕೋ, ಹೆಣ ನೋಡಿದಂಗಾಗುತ್ತೆ." ಬೆಂಚಿನ ಮೇಲೆ ಕೂತು ಅತ್ತೆ. ಎಷ್ಟು ಜೋರಾಗಿ ಅತ್ತೆನೋ ನನಗೇನು ಗೊತ್ತು.

ಒಂದು ಮಾತು ಹೇಳಬೇಕು. ನಿನ್ನ ನವೆಂಬರ್ ಪತ್ರವನ್ನ ನಾನು ಒಡೆದೇ ಇರಲಿಲ್ಲ. ಸಿಟ್ಟಿನಲ್ಲಿ ಪೆಟ್ಟಿಗೆಗೆ ಎಸೆದಿದ್ದೆ. ಭಾಮೈದನ ಕೈಲಿ ಬಟ್ಟೆ ತರಿಸಿದಾಗ ಅದೂ ಜೊತೆಗೆ ಬಂತು, ಹೋದ ವಾರ ಇಲ್ಲೇ ಕೂತು ಓದಿದೆ. ಮೊದಲನೇ ಸೂಜಿ ಪೂರ್ತಿ ಕೊಡ್ತೀನಿ, ಕಡಿಮೆ ಮಾಡಬಾರದು ಅಂತ ಅದರಲ್ಲೇ ಬರೆದಿದ್ದೀಯ. ಮೂರು ತಿಂಗಳು ನನ್ನ ಮನೆಯಲ್ಲೇ ಇತ್ತು ಆ ಮಾತು.

ಹಂಗಾಗಿ ಈಗ ನಾನು ಯಾರ ಮೇಲೆ ದೂರು ಕೊಡಲಿ? ನನ್ನ ರಕ್ತದ ವರದಿಯ ಚೀಟಿ ಕೇಸಿನ ಕಾಗದದ ಹಿಂದೆ ಇತ್ತು, ಯಾರೂ ನೋಡಲಿಲ್ಲ. ಗಡಿಬಿಡಿಯಲ್ಲಿ ಆಗಿದ್ದು. ಫಾರಂ ಹರಿದುಹಾಕ್ಲಾ? ಹೂಂ ಅಂತ ಒಂದು ಸಾಲು ಬರೆದುಬಿಡು, ನಮ್ಮಿಬ್ಬರ ಮಧ್ಯೆ ಇದು ಮುಗೀಲಿ.

ಥೋಂಗ್‌ಮಾ

* * *

ತಾಲ್ಲೂಕು ಆಸ್ಪತ್ರೆ
16 ಫೆಬ್ರವರಿ 2540

ದೊಡ್ಡಪ್ಪ,

ಹರಿಯಬೇಡಿ.

ಆ ಚೀಟಿಯನ್ನು ಯಾರೂ ನೋಡಲಿಲ್ಲ ಎಂದು ಬರೆದಿದ್ದೆ. ಅದು ಸುಳ್ಳು. ನಾನು ನೋಡಿದ್ದೆ. ನಾಲ್ಕನೇ ದಿನ. ವಾರ್ಡಿನಲ್ಲಿ ಔಷಧಗಳ ಲೆಕ್ಕ ನೋಡಲು ಹೋದಾಗ ನಿಮ್ಮ ಕಾಗದಗಳು ಮಗುಚಿ ಬಿದ್ದಿದ್ದವು. ಎತ್ತಿಡುವಾಗ ಚೀಟಿ ಕಂಡಿತು. ಎರಡು ಪಾಯಿಂಟ್ ಆರು. ಇದಕ್ಕೆ ಎಂಟು ಗಂಟೆಗೊಂದು ಸೂಜಿ ಸರಿಯಲ್ಲ ಎಂದು ನಿಂತಲ್ಲೇ ಗೊತ್ತಾಯಿತು. ಡಾಕ್ಟರ್ ಫಿಚಿತ್ ಎರಡು ಮಂಚದಾಚೆ ಇದ್ದರು. ಅದಕ್ಕೂ ಹಿಂದಿನ ತಿಂಗಳು ನಾನು ಇನ್ನೊಂದು ಔಷಧದ ಬಗ್ಗೆ ಬಾಯಿ ಹಾಕಿದಾಗ, ಎಲ್ಲರೆದುರು "ಡಾಕ್ಟರು ನೀವಾ, ನಾನಾ?" ಎಂದಿದ್ದರು. ಅದು ನೆನಪಾಯಿತು. ಅವರೂ ನೋಡಿರುತ್ತಾರೆ, ಏನೋ ಯೋಚಿಸಿಯೇ ಬರೆದಿರುತ್ತಾರೆ ಎಂದುಕೊಂಡು ಕಾಗದಗಳನ್ನು ಜೋಡಿಸಿಟ್ಟು ಬಂದೆ. ಆಮೇಲೆ ಇನ್ನೂ ಎಂಟು ದಿನ ಸೀಸೆ ಎಣಿಸಿ ಕೊಟ್ಟೆ.

ಹೇಳಲು ಅರ್ಧ ನಿಮಿಷ ಸಾಕಿತ್ತು.

ಬೋರ್ಡು ಹಾಕಿದ್ದು, ಜಗಳವಾಡಿದ್ದು ಎಲ್ಲವನ್ನೂ ನಿಮಗೆ ದೊಡ್ಡದಾಗಿ ಬರೆದೆ. ಇದೊಂದನ್ನು ಬಿಟ್ಟೆ. ನೀವು ಕ್ಷಮಿಸುತ್ತೇನೆ ಎಂದಾಗ ಸುಮ್ಮನಿರಲು ಆಗಲಿಲ್ಲ. ಫಾರಂ ತುಂಬಿ ಕಳಿಸಿ. ನಾಲ್ಕನೇ ದಿನದ ವಿಷಯವನ್ನು ತಪ್ಪದೆ ಬರೆಯಿರಿ. ವಿಚಾರಣೆಗೆ ಕರೆದಾಗ ನಾನೂ ಅದನ್ನೇ ಹೇಳುತ್ತೇನೆ.

ರವೀವನ್

* * *

ಬಾನ್ ನೋಂಗ್ ಪ್ಲಾಖಾವ್
20 ಏಪ್ರಿಲ್ 2540

ರವೀವನ್,

ಎರಡು ತಿಂಗಳು ನಿನಗೆ ಬರೆಯೋಕೆ ಕೈ ಬರಲಿಲ್ಲ.

ನಾಲ್ಕನೇ ದಿನ ಅಂದೆ. ನಾಲ್ಕನೇ ದಿನ ನನಗೆ ಎಲ್ಲಾ ಕೇಳಿಸ್ತಿತ್ತು. ವಾರ್ಡಿನ ಮಾಡಿನ ಮೇಲೆ ಪಾರಿವಾಳ ಕಾಲು ಕೆರೆಯೋದು ಕೇಳಿಸ್ತಿತ್ತು. ಅದನ್ನ ಯೋಚಿಸಿದಾಗಲೆಲ್ಲ ಕೈಗೆ ಸಿಕ್ಕಿದ್ದನ್ನ ಎಸೀತಿದ್ದೆ. ಒಂದು ಸ್ಪ್ಯಾನರ್ ಕೆರೆಗೆ ಹೋಯ್ತು. ಸಾಯ್‌ಬುವಾ ಸ್ಲೇಟಿನ ಮೇಲೆ ಬರೆದಳು: "ಅವಳು ಬಾಯಿ ಮುಚ್ಚಿದ್ದಕ್ಕೆ ನಿನ್ನ ಕಿವಿ ಹೋಯ್ತು. ಅವಳು ಬಾಯಿ ಬಿಟ್ಟಿದ್ದಕ್ಕೆ ನನ್ನ ಜೀವ ಉಳೀತು. ಎರಡನ್ನೂ ಬರಿ." ಅವಳು ಹೇಳಿದಂಗೇ ಎರಡನ್ನೂ ಬರೆದೆ. ಫಾರಂ ತುಂಬಿ ಹೊಸವರ್ಷದ ಸೋಂಕ್ರಾನ್ ಹಬ್ಬ ಮುಗಿದ ಮಾರನೇ ದಿನ ಕಳಿಸಿದೆ. ಡಾಕ್ಟರ್ ಹೆಸರು ಇದೆ, ನಿನ್ನ ಹೆಸರು ಇದೆ, ನಾಲ್ಕನೇ ದಿನ ಇದೆ. ನಿನ್ನನ್ನ ಉಳಿಸೋಕೆ ಒಂದಕ್ಷರಾನೂ ಬಿಟ್ಟಿಲ್ಲ.

ಏನು ಬೇಕು ಅನ್ನೋ ಜಾಗದಲ್ಲಿ ಏನು ಬರೆದೆ ಗೊತ್ತಾ? ಪ್ರತಿ ವರ್ಷ ಬೇಸಿಗೆಯಲ್ಲಿ ಹೊಸ ಹುಡುಗ ಡಾಕ್ಟರುಗಳು ಬರ್ತಾರೆ, ಹಳಬರು ಹೋಗ್ತಾರೆ. ಬೋರ್ಡು ಯಾಕೆ ಹಾಕಿದ್ರು ಅಂತ ಹೊಸಬರಿಗೆ ಏನು ಗೊತ್ತು? ಅವರು ಬಂದ ಮೊದಲನೇ ವಾರ ನನ್ನನ್ನ ಅವರ ಮುಂದೆ ಕೂರಿಸ್ಬೇಕು. ಒಂದು ಗಂಟೆ. ಇಷ್ಟೇ ನನ್ನ ಬೇಡಿಕೆ.

ಇಂಜಿನ್ ಕೆಲಸ ಮತ್ತೆ ಶುರು ಮಾಡಿದ್ದೀನಿ. ಅಂಗೈ ಇಂಜಿನ್ ಮೇಲಿಟ್ಟು ಅದು ಅದುರೋದನ್ನ ಓದೋಕೆ ಕಲೀತಿದ್ದೀನಿ. ಹತ್ತರಲ್ಲಿ ಆರು ಸರಿ ಹೇಳ್ತೀನಿ. ಉಳಿದ ನಾಲ್ಕಕ್ಕೆ ಬೈಸಿಕೊಳ್ತೀನಿ, ಕೇಳಿಸಲ್ಲ, ಅದೊಂದು ಸುಖ.

ಥೋಂಗ್‌ಮಾ

* * *

ಪ್ರಾಂತ್ಯದ ಔಷಧ ಉಗ್ರಾಣ
14 ಮೇ 2540

ದೊಡ್ಡಪ್ಪ,

ಮೇಲಿನ ವಿಳಾಸ ನೋಡಿ ಆಶ್ಚರ್ಯಪಡಬೇಡಿ. ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ಎಲ್ಲವನ್ನೂ ಹೇಳಿದೆ. ಡಾಕ್ಟರ್ ಫಿಚಿತ್ ಕೂಡ ತಮ್ಮ ತಪ್ಪನ್ನು ಒಪ್ಪಿಕೊಂಡರು. ಹೊರಗೆ ಬಂದಾಗ ಅವರು ನನಗೆ ಹೇಳಿದ್ದು ಒಂದೇ ಮಾತು: "ಅವತ್ತು ನೀನು ಹೇಳಿದ್ರೆ ನಾನು ಬೈತಿದ್ದೆ. ಬೈದು, ಆಮೇಲೆ ಚೀಟಿ ತಿದ್ದುತಿದ್ದೆ." ಇಬ್ಬರಿಗೂ ಲಿಖಿತ ಎಚ್ಚರಿಕೆ ಸಿಕ್ಕಿದೆ. ನನ್ನನ್ನು ಉಗ್ರಾಣಕ್ಕೆ ವರ್ಗ ಮಾಡಿದ್ದಾರೆ. ಇಲ್ಲಿ ರೋಗಿಗಳಿಲ್ಲ, ಬರೀ ಪೆಟ್ಟಿಗೆಗಳು.

ನಿಮ್ಮ ಬೇಡಿಕೆಯನ್ನು ಒಪ್ಪಿದ್ದಾರೆ. ಮೇ 29, ಬೆಳಿಗ್ಗೆ ಒಂಬತ್ತಕ್ಕೆ, ಮೂವರು ಹೊಸ ಡಾಕ್ಟರುಗಳು. ನಾನು ಅಲ್ಲಿರುವುದಿಲ್ಲ. ನನ್ನ ಜಾಗಕ್ಕೆ ಬಂದವಳ ಹೆಸರು ನೊಂಗ್‌ನುತ್, ಇದೇ ವರ್ಷ ಓದು ಮುಗಿಸಿದ್ದಾಳೆ. ಬೋರ್ಡು ಇಟ್ಟುಕೊಳ್ಳುತ್ತಾಳೋ ತೆಗೆಯುತ್ತಾಳೋ ತಿಳಿಯದು. ಕೇಳಲು ನನಗೆ ಬಾಯಿ ಬರಲಿಲ್ಲ. ನೀವೇ ನೋಡಿ ತಿಳಿಸಿ.

ರವೀವನ್

* * *

ಬಾನ್ ನೋಂಗ್ ಪ್ಲಾಖಾವ್
1 ಜೂನ್ 2540

ಮಗಳೇ ರವೀವನ್,

ಹೋಗಿ ಬಂದೆ. ಸಾಯ್‌ಬುವಾನೂ ಬಂದಿದ್ಲು, ಇಸ್ತ್ರಿ ಮಾಡಿದ ಅಂಗಿ ಅವಳೇ ತೊಡಿಸಿದ್ಲು.

ಮೂವರು ಡಾಕ್ಟರುಗಳು, ಇಬ್ಬರು ಗಂಡು ಒಬ್ಬಳು ಹೆಣ್ಣು. ಮುಖದ ಮೇಲೆ ಇನ್ನೂ ಮೊಡವೆ. ಡೈರೆಕ್ಟರ್ ಏನೋ ಹೇಳಿ ಹೊರಟುಹೋದ್ರು. ನಾನು ಕತೆ ಹೇಳಿದೆ. ಕೊನೆಗೆ, "ಏನಾದ್ರೂ ಕೇಳೋದಿದ್ರೆ ಬರೆದು ಕೇಳಿ" ಅಂತ ಸ್ಲೇಟು ಕೊಟ್ಟೆ. ಆಮೇಲೆ ಆ ಹುಡುಗಿ ತಗೊಂಡು ಬರೆದಳು: "ಈಗಲೂ ನಮ್ಮ ಮೇಲೆ ಸಿಟ್ಟಿದೆಯಾ?"

"ಇದೆ" ಅಂದೆ. "ಅದಕ್ಕೇ ಬಂದಿರೋದು."

ಜೋರಾಗೇ ಹೇಳಿದೆ ಅನ್ಸುತ್ತೆ, ಬಾಗಿಲ ಹೊರಗೆ ಹೋಗ್ತಿದ್ದ ನರ್ಸು ನಿಂತುಬಿಟ್ಲು. ಆದ್ರೆ ಆ ಹುಡುಗಿ ತಲೆ ತಗ್ಗಿಸಲಿಲ್ಲ. ಇನ್ನೊಂದು ಪ್ರಶ್ನೆ ಬರೆದಳು: "ಕಿವಿಯಲ್ಲಿ ಸದ್ದು ಶುರುವಾದಾಗ ಯಾರಿಗೆ ಹೇಳಿದ್ರಿ?" ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲ ಅಂದೆ. ಮೂವರೂ ಅದನ್ನ ಪುಸ್ತಕದಲ್ಲಿ ಬರ್ಕೊಂಡ್ರು. ನನ್ನ ಕೇಸಿನ ಕಾಗದದ ಮೇಲೆ ನರ್ಸು ಬರ್ಕೊಂಡಂಗಲ್ಲ. ಬರೆದ ಮೇಲೆ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು.

ಮುಗಿಸಿ ಹೊರಗೆ ಬಂದು ನಿನ್ನ ಕಿಟಕಿ ಎದುರಿನ ಬೆಂಚಿನಲ್ಲಿ ಕೂತೆ. ನೊಂಗ್‌ನುತ್ ಸಣ್ಣಗೆ ಕಡ್ಡಿಯಂಗಿದ್ದಾಳೆ. ಬೋರ್ಡಿಗೆ ಹೊಸ ಬಣ್ಣ ಹೊಡೆಸಿದ್ದಾಳೆ. ಔಷಧದ ಹೆಸರು ಹನ್ನೊಂದಿದ್ದದ್ದು ಹದಿನಾಲ್ಕಾಗಿದೆ, ಎಣಿಸಿ ನೋಡಿದೆ. ಅಷ್ಟರಲ್ಲಿ ವಾರ್ಡಿನಿಂದ ಎತ್ತರದ ನರ್ಸೊಬ್ಬಳು ಚೀಟಿ ತಂದಳು. ನೊಂಗ್‌ನುತ್ ನೋಡಿದ್ಲು, ತಲೆ ಅಲ್ಲಾಡಿಸಿದ್ಲು, ಚೀಟಿ ವಾಪಸು ತಳ್ಳಿದ್ಲು. ನರ್ಸು ಕೈ ಬೀಸಿ ಬೀಸಿ ಬೈದಳು. ಏನು ಬೈದಳೋ, ಬಾಯಿ ತೆರೆದ ರೀತಿಯಲ್ಲೇ ಸಾಕಷ್ಟು ಗೊತ್ತಾಯ್ತು. ನೊಂಗ್‌ನುತ್ ಕಿವಿ ಕೆಂಪಗಾಯ್ತು. ಚೀಟಿ ಮಾತ್ರ ಮುಟ್ಟಲಿಲ್ಲ. ನರ್ಸು ಕಾಲು ಅಪ್ಪಳಿಸ್ಕೊಂಡು ಲ್ಯಾಬ್ ಕಡೆ ಹೋದ್ಲು, ಸಂಖ್ಯೆ ಬರೆಸ್ಕೊಂಡು ಬಂದ್ಲು. ಆಗ ನೊಂಗ್‌ನುತ್ ಸೀಸೆ ಕೊಟ್ಟಳು. ಎಷ್ಟು ಕೊಟ್ಟಳು ಅಂತ ಕತ್ತು ಚಾಚಿ ನೋಡಿದೆ. ಒಂದೇ.

ಮುಂದಿನ ವರ್ಷದ ತಾರೀಖು ಮೊದಲೇ ತಿಳಿಸೋಕೆ ಡೈರೆಕ್ಟರಿಗೆ ಹೇಳಿ ಬಂದಿದ್ದೀನಿ. ಮಳೆ ಶುರುವಾದ್ರೆ ಶೆಡ್ಡಿನ ಮುಂದೆ ಟ್ರ್ಯಾಕ್ಟರ್ ಸಾಲು ನಿಲ್ಲುತ್ತೆ, ಬಿಡುವು ಮಾಡ್ಕೋಬೇಕು.

ಥೋಂಗ್‌ಮಾ